ಬಚ್ಚಿಟ್ಟ ಬಸಿರು

ಆ ಭಾನುವಾರ ಮರಗೆಣಸು ಬೇಯಲಿಲ್ಲ. ಎಲ್ಲ ಶುರುವಾಗಿದ್ದು ಅಲ್ಲಿಂದ.

ಪ್ರಾರ್ಥನೆ ಮುಗಿಸಿ ಬಂದು ನೆಲದ ಗುಂಡಿಯ ಮಣ್ಣೊಲೆ ತೆಗೆದರೆ ಮೀನು ಬೆಂದಿದೆ, ದೀವಿಹಲಸು ಬೆಂದಿದೆ, ಹಂದಿಯಂತೂ ಮುಟ್ಟಿದರೆ ಬಿಟ್ಟುಕೊಳ್ಳುತ್ತಿದೆ. ಮರಗೆಣಸು ಮಾತ್ರ ಹಲ್ಲಿಗೆ ಕಲ್ಲು. ಮೂರು ಗಂಟೆ ಕಾದ ಕಲ್ಲುಗಳ ಮೇಲೆ, ಬಾಳೆಲೆಯ ಕೆಳಗೆ ಬಿದ್ದಿದ್ದ ಗೆಣಸು ಅದು. ನಮ್ಮ ಮೆರೆವೈ ಅಜ್ಜಿ ಒಂದು ತುಂಡನ್ನು ಬೆರಳಲ್ಲಿ ಹಿಸುಕಿ ನೋಡಿ, ವಾಪಸ್ ಬುಟ್ಟಿಗೆ ಹಾಕಿ, ಚಾಪೆಯ ಸುತ್ತ ಕೂತಿದ್ದ ಹೆಂಗಸರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

"ಯಾರೇ ಅದು ಬಚ್ಚಿಟ್ಕೊಂಡಿರೋದು?" ಅಂದಳು.

ನಮ್ಮ ಪುಟ್ಟ ದ್ವೀಪದ ವಾತುಲೈಲೈ ಊರಿನಲ್ಲಿ ಹುಟ್ಟಿದವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸುರಿಯಾದವಳು ಊರಿಗೆ ಹೇಳಬೇಕು. ಹೇಳದೆ ಬಚ್ಚಿಟ್ಟರೆ ಗೆಣಸು ಬೇಯುವುದಿಲ್ಲ, ಬಲೆಗೆ ಮೀನು ಬೀಳುವುದಿಲ್ಲ, ದೋಣಿ ನಡುನೀರಿನಲ್ಲಿ ಕೈಕೊಡುತ್ತದೆ. ಬಾಯಿಬಿಟ್ಟು ಹೇಳಿದ ಗಳಿಗೆಯಲ್ಲಿ ಎಲ್ಲ ಸರಿಹೋಗುತ್ತದೆ. ಗಂಡ ಯಾರು, ಮದುವೆ ಆಗಿದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಮೊದಲು ಹೇಳಬೇಕು.

ನಾನು ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದೆ. ನನಗೆ ಆಗ ಹತ್ತು ವಾರ.

ಇದು ಮೂರನೆಯದು. ಮೊದಲನೆಯದನ್ನು ಗೊತ್ತಾದ ಮರುದಿನವೇ ಹೇಳಿದ್ದೆ. ನನ್ನ ಗಂಡ ಪೆನಾಯ ಈ ಊರಿನ ಶಾಲೆಯ ಮೇಷ್ಟ್ರು, ದೊಡ್ಡ ದ್ವೀಪದ ಒಳನಾಡಿನ ಬೆಟ್ಟದವನು, ಕಡಲಿಗೆ ಪಾದ ಮುಳುಗುವಷ್ಟು ಮಾತ್ರ ಇಳಿಯುವವನು. ಅವನು ಖುಷಿಗೆ ಮೂರನೇ ತರಗತಿಗೆ ರಜಾ ಕೊಟ್ಟುಬಿಟ್ಟಿದ್ದ. ಹೆಂಗಸರು ಚಾಪೆ ತಂದು ಹಾಸಿದರು. ಏಳಬೇಡ, ಬಗ್ಗಬೇಡ, ನೀರಿಗೆ ಇಳಿಯಬೇಡ, ಕೂತ್ಕೋ. ಕೂತೆ. ಹನ್ನೆರಡನೇ ವಾರ ಹೋಯಿತು. ಎರಡನೆಯ ಸಲ ಇನ್ನೂ ಜಾಸ್ತಿ ಕೂತೆ. ಅದು ಹನ್ನೊಂದಕ್ಕೇ ಹೋಯಿತು. ಚಾಪೆ ಹಾಸಿದ ಹೆಂಗಸರೇ ಬಂದು ಚಾಪೆ ಸುತ್ತಿ, ನನ್ನ ತಲೆ ಸವರಿ ಅತ್ತರು. ಅವರು ಅಳುವುದನ್ನು ನೋಡುವುದು ನನಗೆ ನನ್ನ ನೋವಿಗಿಂತ ಹೆಚ್ಚಾಗಿತ್ತು. ಆಚೆ ಊರಿನ ದವಾಖಾನೆಯ ನರ್ಸಮ್ಮ, "ನೀನು ಮಾಡಿದ್ದರಿಂದ ಹೋಗಿದ್ದಲ್ಲ, ಮಾಡದೆ ಇದ್ದಿದ್ದರಿಂದಾನೂ ಅಲ್ಲ" ಅಂದಿದ್ದಳು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಈ ಸಲ ಮೂರು ತಿಂಗಳು ದಾಟುವವರೆಗೆ ಯಾರಿಗೂ ಹೇಳುವುದಿಲ್ಲ, ಪೆನಾಯನಿಗೂ ಇಲ್ಲ. ಕೂರುವುದಂತೂ ಇಲ್ಲವೇ ಇಲ್ಲ.

ಕೂರುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಜ್ಜಿಯೇ ಬೈಯುತ್ತಾಳೆ. ಹನ್ನೊಂದನೇ ವಯಸ್ಸಿನಲ್ಲಿ, ಯಾರೋ ಪರದೇಶದವರು ಬಿಟ್ಟುಹೋದ ತುದಿ ಮುರಿದ ಸರ್ಫಿಂಗ್ ಬೋರ್ಡೊಂದನ್ನು ಹಂಚಿಕೊಂಡು ನಾನೂ ರುವೆನಿಯೂ ತೆರೆ ಹತ್ತುವುದನ್ನು ಕಲಿತೆವು. ರುವೆನಿ ನನ್ನ ಸೋದರತ್ತೆಯ ಮಗ. ಮೆರೆವೈ ಅಜ್ಜಿ ಅವನಿಗೂ ಅಜ್ಜಿಯೇ. ಬಾವ ಅಂದಮೇಲೆ ಕೇಳಬೇಕೇ, ಅವನು ನನ್ನನ್ನು ಏನು ಬೇಕಾದರೂ ಅನ್ನಬಹುದು, ನಾನೂ ಅನ್ನಬಹುದು, ಇಬ್ಬರೂ ಸಿಟ್ಟಾಗುವಂತಿಲ್ಲ. ಈಗ ಅವನಿಗೊಂದು ಇಂಜಿನ್ ದೋಣಿ ಇದೆ, ನನಗೊಂದು ಒಂಬತ್ತಡಿ ಬೋರ್ಡು ಇದೆ, ಮತ್ತೆ ನಮ್ಮಿಬ್ಬರಿಗೂ ಬತಿ ಇದೆ.

ಬತಿ ಅಂದರೆ ನಮ್ಮಲ್ಲಿ ಹಲ್ಲು. ಊರಿನ ದಡದಿಂದ ದೋಣಿಯಲ್ಲಿ ಇಪ್ಪತ್ತು ನಿಮಿಷ ಹೋದರೆ ಹವಳದ ದಿಬ್ಬದಲ್ಲಿ ದೋಣಿ ದಾಟುವಷ್ಟು ಒಂದು ಕಂಡಿ ಇದೆ. ಆ ಕಂಡಿಯ ಎಡದಂಚಿನಲ್ಲಿ, ತೆಂಕಣ ಸಾಗರದಿಂದ ಬಂದ ತೆರೆ ಹವಳಕ್ಕೆ ತಾಗಿ ಎದ್ದುನಿಂತು, ಒಂದು ತುದಿಯಿಂದ ಇನ್ನೊಂದು ತುದಿಗೆ ಸುರುಳಿ ಸುತ್ತುತ್ತ ಹೋಗುತ್ತದೆ. ಆ ತೆರೆಯೇ ಬತಿ. ಅದರ ಮೇಲೆ ಯಾರೂ ಇರುವುದಿಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಅತಿಥಿಗಳು ಬಂದರೆ ಹೆಚ್ಚು. ಉಳಿದ ದಿನ ನಾನು, ರುವೆನಿ, ಮತ್ತು ನೀರಿನ ಕೆಳಗೆ ಮೊಣಕಾಲುದ್ದದಲ್ಲಿ ಹಲ್ಲು ಕಿಸಿದುಕೊಂಡ ಹವಳ.

ಎರಡು ವಾರದಿಂದ ಗಾಳಿ ತಪ್ಪು ದಿಕ್ಕಿನಿಂದ ಬೀಸಿ ಬತಿ ಸುಮ್ಮನೆ ಬಿದ್ದಿತ್ತು. ನಾನು ದಿನಕ್ಕೆ ನಾಲ್ಕು ಸಲ ಚರ್ಚಿನ ಹಿಂದಿನ ಗುಡ್ಡ ಹತ್ತುತ್ತಿದ್ದೆ, ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಫೋನಿನಲ್ಲಿ ಹವಾಮಾನದ ನಕ್ಷೆ ನೋಡಿ ಇಳಿಯುವುದು, ಅರ್ಧ ದಾರಿಯಲ್ಲಿ ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಮತ್ತೆ ಹತ್ತುವುದು. ದಕ್ಷಿಣದಲ್ಲಿ ಎಲ್ಲೋ ದೊಡ್ಡ ಬಿರುಗಾಳಿ ಎದ್ದಿತ್ತು. ಗುರುವಾರ ತೆರೆ ಬರುತ್ತದೆ, ಶುಕ್ರವಾರ ಇನ್ನೂ ದೊಡ್ಡದಾಗುತ್ತದೆ ಎಂದು ನಕ್ಷೆ ಹೇಳುತ್ತಿತ್ತು. ಆಮೇಲೆ ನನಗೆ ಮೂರು ತಿಂಗಳು ತುಂಬುತ್ತದೆ, ಹೇಳಲೇಬೇಕಾಗುತ್ತದೆ, ಒಂದೂವರೆ ವರ್ಷ ಬೋರ್ಡು ಸೂರಿಗೆ ಕಟ್ಟಿ ಇಡಬೇಕಾಗುತ್ತದೆ. ನನಗೆ ಬೇಕಾಗಿದ್ದು ಆ ಎರಡು ದಿನ.

ಸೋಮವಾರ ಬಲೆಗೆ ಮೀನು ಬೀಳಲಿಲ್ಲ. ಮಂಗಳವಾರ ರುವೆನಿಯ ಇಂಜಿನ್ ಎರಡು ಸಲ ನಿಂತಿತು. ಪ್ಲಗ್ಗು ಹಳೆಯದು, ಬದಲಾಯಿಸು ಎಂದು ಮೇ ತಿಂಗಳಿನಿಂದ ನಾನೇ ಬಡಕೊಳ್ಳುತ್ತಿದ್ದೆ. ಅದು ಯಾರಿಗೂ ನೆನಪಿಲ್ಲ. ಬುಧವಾರ ಬೆಳಗ್ಗೆ ರುವೆನಿಯ ತಂಗಿ ಲಾವೇನಿಯ ತೆಂಗಿನ ಮರದ ಬುಡದಲ್ಲಿ ಬಗ್ಗಿ ವಾಂತಿ ಮಾಡಿಕೊಂಡಿದ್ದನ್ನು ಮೂವರು ಹೆಂಗಸರು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಊರಿಗೇ ಉತ್ತರ ಸಿಕ್ಕಿತ್ತು.

ಲಾವೇನಿಯಳಿಗೆ ಹತ್ತೊಂಬತ್ತು. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ನಿಂತು ಹಾಡುವ ಹುಡುಗಿ. ಶುಕ್ರವಾರ ಅಣ್ಣನ ದೋಣಿಯಲ್ಲಿ ದೊಡ್ಡ ದ್ವೀಪಕ್ಕೆ ಹೋಗಿ, ಅಲ್ಲಿಂದ ಸಂಜೆಯ ಹಡಗು ಹಿಡಿದು, ಸೋಮವಾರ ನರ್ಸಿಂಗ್ ಕಾಲೇಜಿನ ಸಂದರ್ಶನಕ್ಕೆ ಹಾಜರಾಗಬೇಕಿತ್ತು. ಅದೇ ದೋಣಿಯಲ್ಲಿ ಚರ್ಚಿನ ಉಪದೇಶಿಯೂ, ಚಾಪೆ ಮಾರಲು ಹೊರಟ ಇಬ್ಬರು ಹೆಂಗಸರೂ ಹೋಗುವವರಿದ್ದರು. ಆ ಹೆಂಗಸರಿಬ್ಬರೂ ಅಂದೇ ಹೇಳಿಬಿಟ್ಟರು: ಆ ಹುಡುಗಿ ಬಾಯಿಬಿಟ್ಟು ಹೇಳಿದರೆ ಸರಿ, ಇಲ್ಲವಾದರೆ ಅವಳಿರುವ ದೋಣಿಗೆ ನಾವು ಕಾಲಿಡುವುದಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. ಹೋಗಿ ಇಬ್ಬರಿಗೂ ನಾಲ್ಕು ಮಾತು ಅಂದು ಬರಬೇಕು ಎಂದು ಎದ್ದೆ. ಬಾಗಿಲ ತನಕ ಹೋಗಿ ನಿಂತೆ. ಏನೆಂದು ಅನ್ನುವುದು? ಅದು ಅವಳದಲ್ಲ ಎಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ? ವಾಪಸ್ ಬಂದು ಬೋರ್ಡಿಗೆ ಮೇಣ ತಿಕ್ಕಿದೆ. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ.

ಗುರುವಾರ ಬೆಳಗ್ಗೆ ಏಳಕ್ಕೆ ಬತಿ ದಡಕ್ಕೆ ಕೇಳಿಸುವಷ್ಟು ಗುಡುಗುತ್ತಿತ್ತು. ನಾನು ಬೋರ್ಡು ಹೊತ್ತು ಹೋದಾಗ ರುವೆನಿ ದೋಣಿಯನ್ನು ನೀರಿಗೆ ತಳ್ಳಿ, ಅಂಚು ಹಿಡಿದು ನಿಂತಿದ್ದ.

"ಹತ್ತೋ ಮುಂಚೆ ಕೇಳ್ಬೇಕಂತೆ. ಅಜ್ಜಿ ಆರ್ಡರು," ಅಂದ. ಎದೆಯುಬ್ಬಿಸಿ, ಉಪದೇಶಿಯ ದನಿ ತೆಗೆದು ಕೂಗಿದ: "ಹೊಟ್ಟೇಲಿ ಇಟ್ಕೊಂಡವ್ರು ಯಾರಾದ್ರೂ ಇದ್ರೆ ಮರಳ ಮೇಲೇ ಹೇಳ್ಬಿಡಿ!"

"ಯಾರ್ನ ಕೇಳ್ತಿದೀಯಾ ಬಾವ, ಇಂಜಿನ್ನನ್ನಾ?"

"ಇರೋದು ನೀನೊಬ್ಳೇ. ನಿನ್ನೇ ಕೇಳಿದ್ದು."

"ನಿನ್ನ ಹೊಟ್ಟೆ ನೋಡ್ಕೋ ಮೊದ್ಲು. ಏಳು ತಿಂಗಳು ತುಂಬಿರೋ ಹಾಗಿದೆ."

"ಇದು ನನ್ನ ಹೆಂಡ್ತಿ ಕೈರುಚಿ ಕಣೇ. ನಿನ್ನ ಮೇಷ್ಟ್ರ ಹೊಟ್ಟೆ ಬೆನ್ನಿಗೆ ಅಂಟಿದೆಯಲ್ಲ, ಹಸಿ ಗೆಣಸು ಹಾಕ್ತೀಯೇನೋ ಪಾಪ. ಇಲ್ಲ ಅನ್ನು, ಸಾಕು, ಹೋಗೋಣ."

"ಇಲ್ಲ," ಅಂದೆ.

ಬೇರೆ ದಿನ ನೂರು ಸುಳ್ಳು ಹೇಳಿದ್ದೇನೆ ಅವನಿಗೆ. ಈ ಒಂದನ್ನು ಹೇಳಿ, ಅವನ ಮುಖ ನೋಡದೆ ಬೋರ್ಡನ್ನು ದೋಣಿಗೆ ಎತ್ತಿಟ್ಟೆ.

ಇಂಜಿನ್ ಕಂಡಿಯ ನಟ್ಟನಡುವೆ ನಿಂತಿತು. ಎಡಕ್ಕೆ ಬತಿ, ಬಲಕ್ಕೆ ಬರೀ ನೊರೆ, ನೀರಿನ ಸೆಳೆತ ದೋಣಿಯನ್ನು ಅಡ್ಡಡ್ಡ ತಿರುಗಿಸಿತು. ರುವೆನಿ ಹಗ್ಗ ಎಳೆದ, ಎಳೆದ, ಬೈದ, ಮತ್ತೆ ಎಳೆದ. ನಾನು ಮುಚ್ಚಳ ಕಿತ್ತು ಪ್ಲಗ್ಗು ಬಿಚ್ಚಿ ನನ್ನ ಅಂಗಿಯಲ್ಲಿ ಒರೆಸಿದೆ. ಅವನು ಹುಟ್ಟು ಹಾಕಿ ದೋಣಿಯ ಮೂತಿಯನ್ನು ತೆರೆಗೆ ಎದುರಾಗಿ ಹಿಡಿದ. ಎರಡು ದೊಡ್ಡ ತೆರೆಗಳು ನಮ್ಮನ್ನು ಎತ್ತಿ ಇಳಿಸಿ ಹೋದವು. ಪ್ಲಗ್ಗು ಹಳೆಯದು, ಪ್ಲಗ್ಗು ಹಳೆಯದು ಎಂದು ಜಪ ಮಾಡುವ ಹಾಗೆ ಹೇಳಿಕೊಳ್ಳುತ್ತಿದ್ದೆ. ಹೇಳಿಬಿಟ್ಟರೆ ಈಗಲೇ ಹೊತ್ತಿಕೊಳ್ಳುತ್ತದೆಯೇನೋ ಎನ್ನುವ ಯೋಚನೆಯೂ ಅದರ ಹಿಂದೆಯೇ ಬಂತು. ಎಂಟನೇ ಎಳೆತಕ್ಕೆ ಇಂಜಿನ್ ಹೊತ್ತಿಕೊಂಡಿತು.

"ಲಾವೇ ದೋಣೀಲಿ ಇಲ್ಲ, ಆದ್ರೂ ನಿಲ್ತಲ್ಲ," ಅಂದ ರುವೆನಿ, ಬೆವರೊರೆಸಿಕೊಳ್ಳುತ್ತ. ನಾನು ಕೇಳಿಸದವಳ ಹಾಗೆ ಬೋರ್ಡಿನ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡೆ.

ಕಂಡಿಯ ಆಳದ ನೀರಿನಲ್ಲಿ ಲಂಗರು ಹಾಕಿ ಇಬ್ಬರೂ ಇಳಿದೆವು. ತೆರೆ ಹಿಡಿಯುವವರು ಬೋರ್ಡಿನ ಮೇಲೆ ಬೋರಲು ಮಲಗಿ ಕೈಬೀಸಿಕೊಂಡು ಹೋಗಬೇಕು, ಎಲ್ಲರೂ ಮಾಡುವುದು ಹಾಗೆಯೇ. ನನಗೆ ಒಂದು ತಿಂಗಳಿನಿಂದ ಬೋರಲು ಮಲಗಲು ಮನಸ್ಸಾಗುತ್ತಿರಲಿಲ್ಲ. ಮಂಡಿಯೂರಿ ಕೂತು ಎರಡೂ ಕೈಯಲ್ಲಿ ನೀರು ತಳ್ಳುತ್ತ ಹೋದೆ.

"ಏನೇ ಇದು, ನೀರಲ್ಲೂ ಪ್ರಾರ್ಥನೆ? ಉಪದೇಶಿ ಸಹವಾಸ ಜಾಸ್ತಿಯಾಯ್ತು!"

"ಪಕ್ಕೆ ಹಿಡ್ಕೊಂಡಿದೆ ಬಾವ. ನಿನ್ನ ದೋಣಿ ಹಲಗೆ ಮೇಲೆ ಕೂತೂ ಕೂತೂ."

ಆಮೇಲೆ ಮಾತು ನಿಂತಿತು, ತೆರೆ ಬಂತು. ನಾನು ಅದನ್ನು ದೂರದಿಂದಲೇ ನೋಡಿದೆ. ನೀಲಿ ನೀರಿನ ಮೇಲೆ ಕಪ್ಪನೆಯದೊಂದು ಗೆರೆ, ಹತ್ತಿರವಾಗುತ್ತ ದಪ್ಪವಾಗುತ್ತ. ತಿರುಗಿದೆ, ನಾಲ್ಕು ಸಲ ಕೈ ಹಾಕಿದೆ, ಬೋರ್ಡಿನ ಹಿಂಭಾಗ ಎದ್ದಿತು, ನಾನೂ ಎದ್ದೆ. ಕಾಲ ಕೆಳಗೆ ನೀರು ಬಿರುಸಾಗಿ ಮೇಲೇರುತ್ತಿತ್ತು, ಬೋರ್ಡು ಕೆಳಕ್ಕೆ ಜಾರುತ್ತಿತ್ತು, ಎಡಗೈಯನ್ನು ಗೋಡೆಗೆ ತಾಗಿಸಿದರೆ ತೆರೆ ಕೈಯಲ್ಲೇ ಇದೆ. ಕೆಳಗೆ ಹಳದಿ ಹವಳ, ಕೊಂಬೆ ಕೊಂಬೆಯಾಗಿ, ಓಡುತ್ತಿತ್ತು. ತಲೆಯ ಮೇಲೆ ತೆಳ್ಳನೆಯ ನೀರು ಬಾಗಿ ಬಿಸಿಲು ಅದರೊಳಗಿಂದ ಬಂತು. ಎರಡು ವಾರದಿಂದ ನನ್ನೊಳಗೆ ಗಿರಿಗಿರಿ ತಿರುಗುತ್ತಿದ್ದದ್ದು ಅಲ್ಲಿ, ಅಷ್ಟು ಹೊತ್ತು, ನಿಂತಿತು. ನನಗೆ ಅಳು ಬರುವಷ್ಟು ಸುಖವಾಯಿತು. ಕಂಡಿಯ ಆಳದ ನೀರಿಗೆ ಬಂದು ಸೇರಿದಾಗ ನಾನು ಹುಚ್ಚಿಯ ಹಾಗೆ ಕೂಗುತ್ತಿದ್ದೆ.

ಅಷ್ಟಕ್ಕೇ ವಾಪಸ್ ಹೋಗಬಹುದಿತ್ತು. ಹೋಗಲಿಲ್ಲ. ಇನ್ನೊಂದು, ಇನ್ನೊಂದು ಎಂದು ಐದು ಹಿಡಿದೆ. ಆರನೆಯದರ ತುದಿಯಲ್ಲಿ ಸ್ವಲ್ಪ ಬೇಗ ಇಳಿದೆ. ತಲೆಯೆತ್ತಿದರೆ ಅದರ ಹಿಂದೆ ಅದಕ್ಕಿಂತ ದೊಡ್ಡದು, ನೇರ ನನ್ನ ಮೇಲೆ. ಓಡಲು ಜಾಗವಿರಲಿಲ್ಲ. ಅದು ನನ್ನನ್ನು ಒಗೆಯುವ ಬಟ್ಟೆಯ ಹಾಗೆ ಎತ್ತಿ ಹಾಕಿತು.

ಹವಳದ ಮೇಲೆ ಬಿದ್ದರೆ ಎರಡೂ ಕೈಯಿಂದ ತಲೆ ಮುಚ್ಚಿಕೊ ಎನ್ನುವುದು ನಾವಿಬ್ಬರೂ ಕಲಿತ ಮೊದಲ ಪಾಠ. ಇಪ್ಪತ್ತು ವರ್ಷ ನನ್ನ ಕೈ ತಾನಾಗಿ ತಲೆಗೇ ಹೋಗಿದೆ. ಆ ದಿನ ಹೋಗಲಿಲ್ಲ. ಮೇಲೆ ಬಂದು ಉಸಿರೆಳೆದಾಗ ನನ್ನ ಎರಡೂ ಕೈ ಹೊಟ್ಟೆಯನ್ನು ಬಾಚಿ ಹಿಡಿದಿದ್ದವು, ಹಣೆಯಿಂದ ರಕ್ತ ಕಣ್ಣಿಗಿಳಿಯುತ್ತಿತ್ತು. ಹತ್ತು ಮಾರು ದೂರದಲ್ಲಿ ರುವೆನಿ ಬೋರ್ಡಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ.

ದೋಣಿಯಲ್ಲಿ ಅವನು ನಿಂಬೆಹಣ್ಣು ಹಿಂಡಿ ಗಾಯ ತೊಳೆದ. ಉರಿಗೆ ಕಿರುಚಿದೆ. ಒಂದು ಕೀಟಲೆ ಮಾತನ್ನೂ ಆಡದೆ, ದಾರಿಯುದ್ದಕ್ಕೂ ಇಂಜಿನ್ ಹಿಡಿದು ಮುಂದೆ ನೋಡುತ್ತ ಕೂತ. ನನಗೆ ಅದು ಗಮನಕ್ಕೇ ಬರಲಿಲ್ಲ. ನಾನು ಬೇರೆಯದೇ ಭಯದಲ್ಲಿದ್ದೆ. ಮನೆಗೆ ಓಡಿ ಬಟ್ಟೆ ಬಿಚ್ಚಿ ನೋಡಿದೆ. ರಕ್ತವಿರಲಿಲ್ಲ. ಅರ್ಧ ಗಂಟೆಗೊಮ್ಮೆ ಹೋಗಿ ನೋಡಿದೆ. ಇರಲಿಲ್ಲ. ನನ್ನನ್ನು ನಾನೇ ಬೈದುಕೊಂಡೆ, ಆಮೇಲೆ ನಾಳೆ ಬತಿ ಇನ್ನೂ ದೊಡ್ಡದಿರುತ್ತದೆ, ಉಬ್ಬರ ಹತ್ತು ಗಂಟೆಗೆ ಎಂದು ಲೆಕ್ಕ ಹಾಕಿದೆ. ಎರಡನ್ನೂ ಒಟ್ಟೊಟ್ಟಿಗೆ ಮಾಡಿದೆ, ಸುಳ್ಳು ಯಾಕೆ ಹೇಳಲಿ.

ಮೂರು ಗಂಟೆಗೆ ರುವೆನಿ ಮಾವಿನ ಮರದ ಕೆಳಗೆ ನನ್ನನ್ನು ಕರೆದ.

"ನೀನು ಹೋಗಿ ಲಾವೇನ ಕೇಳು. ಇದೆಯಾ ಇಲ್ವಾ ಅಂತ."

ನಮ್ಮಲ್ಲಿ ಅಣ್ಣ ತಂಗಿ ಇಂಥ ಮಾತು ಆಡುವಂತಿಲ್ಲ. ದೊಡ್ಡವರಾದ ಮೇಲೆ ಒಂದು ಚಾಪೆಯ ಮೇಲೆ ಕೂರುವುದೂ ಇಲ್ಲ. ಒಂದೇ ಸೂರಿನಡಿ ಇದ್ದರೂ ಅವರ ನಡುವೆ ಹೇಳಬೇಕಾದ್ದು ಇನ್ನೊಬ್ಬರ ಬಾಯಿಂದ ಹೋಗಬೇಕು. ಅವರಿಬ್ಬರಿಗೆ ಆ ಬಾಯಿ ಯಾವಾಗಲೂ ನನ್ನದೇ.

"ನಾನ್ಯಾಕೆ? ಅಜ್ಜಿ ಕೇಳಲಿ," ಅಂದೆ.

"ಅಜ್ಜಿ ಕೇಳಿದ್ರೆ ಊರು ಕೇಳ್ದ ಹಾಗೆ. ನೀನೇ ಕೇಳ್ಬೇಕು, ಉನೈಸಿ."

ಅವನು ನನ್ನನ್ನು ಹೆಸರು ಹಿಡಿದು ಕರೆಯುವುದು ಅಪರೂಪ. ಹೋದೆ.

ಲಾವೇನಿಯ ಒಬ್ಬಳೇ ಕೂತು ಸಂದರ್ಶನಕ್ಕೆಂದು ಹೊಲಿಸಿದ್ದ ಬಿಳಿ ಉಡುಪನ್ನು ಮಡಚುತ್ತಿದ್ದಳು. ಮಡಚಿ, ಬಿಡಿಸಿ, ಮತ್ತೆ ಮಡಚುತ್ತಿದ್ದಳು. ಕಣ್ಣು ಊದಿತ್ತು.

"ಅತ್ತಿಗೆ, ನೀನೂ ಅದನ್ನೇ ಕೇಳೋಕೆ ಬಂದ್ಯಾ?"

"ನಿಮ್ಮಣ್ಣ ಕಳಿಸಿದ."

"ಮಂಗಳವಾರದ ಚಿಪ್ಪು ಮೀನು ಕಣೇ ಅತ್ತಿಗೆ. ಹಳಸಿತ್ತು, ಎಸೆಯೋದ್ಯಾಕೆ ಅಂತ ತಿಂದೆ. ನಾನು ಇಲ್ಲೀವರೆಗೂ ಒಬ್ಬ ಹುಡುಗನ ಕೈ ಸಹ ಹಿಡಿದಿಲ್ಲ. ದೇವರಾಣೆ. ಯಾರೂ ನಂಬಲ್ಲ."

"ನಾನು ನಂಬ್ತೀನಿ."

"ನೀನೊಬ್ಳು ನಂಬಿದ್ರೆ ದೋಣಿ ಹೊರಡಲ್ವಲ್ಲ." ಅವಳು ಮೂಗು ಒರೆಸಿಕೊಂಡಳು. ಆಮೇಲೆ ತುಂಬ ಜಾಣತನದ ಮಾತು ಹೇಳುವವಳ ಹಾಗೆ ತಗ್ಗಿದ ದನಿಯಲ್ಲಿ ಅಂದಳು: "ಹೌದು ಅಂದ್ಬಿಡ್ಲಾ ಅತ್ತಿಗೆ? ಹೌದು ಅಂದ್ರೆ ಹತ್ತಿಸ್ಕೊಳ್ತಾರಲ್ವಾ? ಹೇಳಿದ ಮೇಲೆ ದೋಣಿಗೆ ಏನೂ ಆಗಲ್ವಲ್ಲ. ನಾಳೆ ಅಣ್ಣ ಮರಳ ಮೇಲೆ ನಿಂತು ಕೇಳಿದಾಗ ಕೈಯೆತ್ತಿ ಹೌದು ಅಂತೀನಿ. ಸಂದರ್ಶನ ಮುಗಿಸಿ ಬರ್ತೀನಿ. ಆರು ತಿಂಗಳಾದ್ಮೇಲೆ ಹೊಟ್ಟೆ ಬರ್ದಿದ್ರೆ ಅವ್ರಿಗೇ ಗೊತ್ತಾಗತ್ತೆ."

"ತಲೆ ಕೆಟ್ಟಿದೆಯಾ ನಿಂಗೆ! ಹೊಟ್ಟೆ ಬರ್ದಿದ್ರೆ, ಹುಡುಗಿ ಏನೋ ಮಾಡ್ಕೊಂಡ್ಲು ಅಂತಾರೆ ಕಣೇ. ಮತ್ತೆ ಚರ್ಚಲ್ಲಿ ನಿನ್ನ ಹಿಂದಿನ ಸಾಲಿಗೂ ನಿಲ್ಲಿಸ್ಕೊಳ್ಳಲ್ಲ."

"ಹಾಗಾದ್ರೆ ಇನ್ನೇನು ಮಾಡ್ಲಿ? ನೀನೇ ಹೇಳು."

ನಾನು ಎದ್ದು ಬಂದುಬಿಟ್ಟೆ. ನನಗೆ ಹೇಳಲು ಇದ್ದ ಮಾತು ಒಂದೇ, ಅದನ್ನು ಹೇಳಲಿಲ್ಲ. ಸಂಜೆಯ ತನಕ ದಡದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದೆ. ಗುಡ್ಡ ಹತ್ತಿ ನಕ್ಷೆ ನೋಡಿದೆ. ನಾಳೆ, ಹತ್ತು ಗಂಟೆ, ಗಾಳಿಯೇ ಇಲ್ಲ, ವರ್ಷಕ್ಕೊಮ್ಮೆ ಬರುವಂಥ ದಿನ. ಇಳಿದು ಬಂದೆ. ಊಟಕ್ಕೆ ಕೂತಾಗ ಪೆನಾಯ ನನ್ನ ಹಣೆಯನ್ನು ನೋಡಿ, "ನೋವಿದೆಯಾ ಉನಾ?" ಅಂದ. ಇಲ್ಲ ಅಂದೆ. ಅವನು ತನ್ನ ತಟ್ಟೆಯ ಮೀನಿನಲ್ಲಿ ಮುಳ್ಳಿಲ್ಲದ ಕಡೆಯನ್ನು ಮುರಿದು ನನ್ನ ತಟ್ಟೆಗೆ ಹಾಕಿದ. ಅವನು ಯಾವಾಗಲೂ ಹಾಗೆ ಮಾಡುತ್ತಾನೆ. ಆ ದಿನ ನಾನು ಅದನ್ನು ತಟ್ಟೆಯಂಚಿಗೆ ಸರಿಸಿದೆ.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಅರ್ಧ ಊರು ದಡದಲ್ಲಿತ್ತು. ಕಳಿಸಿಕೊಡಲು ಬಂದವರಿಗಿಂತ ನೋಡಲು ಬಂದವರೇ ಹೆಚ್ಚು. ಉಪದೇಶಿ ಕೊಡೆ ಹಿಡಿದು, ಮಳೆಯೂ ಇಲ್ಲ ಬಿಸಿಲೂ ಇಲ್ಲ, ಸುಮ್ಮನೆ ನಿಂತಿದ್ದ. ಚಾಪೆಯ ಹೆಂಗಸರು ತಮ್ಮ ಚಾಪೆ ಸುರುಳಿಗಳ ಮೇಲೆ ಕೂತಿದ್ದರು. ಮೆರೆವೈ ಅಜ್ಜಿ ಕೋಲೂರಿಕೊಂಡು ಬಂದಿದ್ದಳು. ಪೆನಾಯ ಶಾಲೆಯ ಕಾಗದಪತ್ರದ ಕಟ್ಟನ್ನು ಉಪದೇಶಿಯ ಕೈಗೆ ಕೊಡಲು ಬಂದು, ಪಾದ ಮುಳುಗುವಷ್ಟು ನೀರಿನಲ್ಲಿ ಶೂ ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಬೋರ್ಡು ತಂದಿದ್ದೆ. ಅವರನ್ನೆಲ್ಲ ಬಿಟ್ಟು ಒಂಬತ್ತಕ್ಕೆ ವಾಪಸ್ ಬರುತ್ತೇನೆ, ನೇರ ಬತಿಗೆ ಹೋಗೋಣ ಎಂದು ರುವೆನಿ ವಾರದ ಹಿಂದೆಯೇ ಅಂದಿದ್ದ.

ಅವನು ಇಂಜಿನ್ ಹಗ್ಗ ಎಳೆದ. ಹೊತ್ತಲಿಲ್ಲ. ಮತ್ತೆ ಎಳೆದ. ಒಣ ಕೆಮ್ಮು ಕೆಮ್ಮಿ ಸುಮ್ಮನಾಯಿತು. ಚಾಪೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಕಣ್ಣೂ ಲಾವೇನಿಯಳ ಮೇಲೆ. ಅವಳು ಪೆಟ್ಟಿಗೆಯನ್ನು ಎದೆಗವುಚಿಕೊಂಡು ನಿಂತಿದ್ದಳು.

ರುವೆನಿ ನೆಟ್ಟಗೆ ನಿಂತ. ಈ ಸಲ ಉಪದೇಶಿಯ ದನಿ ತೆಗೆಯಲಿಲ್ಲ. ತಂಗಿಯನ್ನು ನೋಡಲಿಲ್ಲ, ಯಾರನ್ನೂ ನೋಡಲಿಲ್ಲ, ಇಂಜಿನ್ನಿಗೆ ಹೇಳುವ ಹಾಗೆ ಕೇಳಿದ: "ಹೊಟ್ಟೇಲಿ ಇಟ್ಕೊಂಡವ್ರು ಇದ್ರೆ ಹೇಳ್ಬಿಡಿ."

ದೂರದಲ್ಲಿ ಬತಿ ಗುಡುಗಿತು. ನಾನು ಅತ್ತ ನೋಡಿದೆ. ಬಿಳಿಯ ಗೆರೆಯೊಂದು ಕಂಡಿಯಂಚಿನಲ್ಲಿ ಸರಾಗವಾಗಿ ಬಿಚ್ಚಿಕೊಳ್ಳುತ್ತ ಹೋಯಿತು. ಅದರ ಮೇಲೆ ಯಾರೂ ಇರಲಿಲ್ಲ. ಇತ್ತ ನೋಡಿದೆ. ಲಾವೇನಿಯ ಪೆಟ್ಟಿಗೆಯನ್ನು ಕೆಳಗಿಟ್ಟಳು. ಬಲಗೈ ಮೇಲೇರಲು ಶುರುವಾಗಿತ್ತು, ಬಾಯಿ ತೆರೆದಿತ್ತು.

"ನಂದು," ಅಂದೆ.

ಅರ್ಥವಾಗಲಿಲ್ಲ ಯಾರಿಗೂ. ಬೋರ್ಡಿನ ಬಗ್ಗೆ ಹೇಳುತ್ತಿದ್ದೇನೆ ಅಂದುಕೊಂಡರೇನೋ.

"ಬಸಿರು ನಂದು! ಹತ್ತು ವಾರ, ಈಗ ಹತ್ತೂ ಮುಗೀತಾ ಬಂತು. ಆ ಹುಡುಗಿ ಹಳಸಿದ ಚಿಪ್ಪು ಮೀನು ತಿಂದಿದ್ಲು, ಅಷ್ಟೇ. ನಿಮ್ಮ ಗೆಣಸು ಬೇಯದೇ ಇದ್ದಿದ್ದು ನನ್ನಿಂದ, ಬಲೆ ಬರಿದಾಗಿದ್ದು ನನ್ನಿಂದ. ಇಂಜಿನ್ ಮಾತ್ರ ಪ್ಲಗ್ಗಿನಿಂದ. ಆಯ್ತಾ? ಹತ್ತಿ ದೋಣಿ!"

ಪೆನಾಯನ ಕೈಯಿಂದ ಕಾಗದಪತ್ರದ ಕಟ್ಟು ನೀರಿಗೆ ಬಿತ್ತು. ಶೂಗಳೂ ಬಿದ್ದವು. ಅವನು ಅವನ್ನು ಒಡನೆ ಎತ್ತಿಕೊಳ್ಳಲಿಲ್ಲ. ಊರಿನ ಎಲ್ಲರ ಜೊತೆ ಸೇರಿ ಅವನು ಇದನ್ನು ಕೇಳಿಸಿಕೊಳ್ಳಬೇಕಾಯಿತಲ್ಲ ಎಂದು ನನಗೆ ತುಂಬ ನಾಚಿಕೆಯಾಯಿತು.

ಅಜ್ಜಿ ಕೋಲು ಊರುತ್ತ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ನಮ್ಮಲ್ಲಿ ಮುತ್ತು ಕೊಡುವ ಹಾಗೆ, ನನ್ನ ಗಾಯದ ಹಣೆಗೆ ಮೂಗು ಒತ್ತಿ ಉಸಿರೆಳೆದುಕೊಂಡಳು. "ಕತ್ತೆ. ನನ್ನ ಹಲ್ಲಿರೋದೇ ನಾಲ್ಕು, ಅದಕ್ಕೂ ಹಸಿ ಗೆಣಸು ತಿನ್ನಿಸ್ದೆ," ಅಂದಳು. ಆಮೇಲೆ ಲಾವೇನಿಯಳ ಕಡೆ ತಿರುಗಿ, ಊರಿಗೆಲ್ಲ ಕೇಳುವ ಹಾಗೆ, "ನಂದು ತಪ್ಪಾಯ್ತು ಮಗಳೇ, ಹೋಗಿ ಬಾ," ಅಂದಳು. ಚಾಪೆಯ ಹೆಂಗಸರು ತಾವಾಗಿ ಎದ್ದು ಅವಳ ಪೆಟ್ಟಿಗೆಯನ್ನು ದೋಣಿಗೆ ಇಟ್ಟರು.

ರುವೆನಿ ಹಗ್ಗ ಎಳೆದ. ಹಾಳಾದ ಇಂಜಿನ್ ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ದಡದಲ್ಲಿದ್ದವರೆಲ್ಲ ಹೋ ಎಂದು ಕೂಗಿದರು. ನನಗೆ ಸಿಟ್ಟು ಬಂತು, ನಗುವೂ ಬಂತು.

ಹೊರಡುವ ಮುಂಚೆ ಅವನು ದೋಣಿಯಿಂದ ಇಳಿದು ಬಂದು, ನನ್ನ ಕೈಯಿಂದ ಬೋರ್ಡನ್ನು ಕಿತ್ತುಕೊಂಡ.

"ಇದು ನನ್ನ ಜೊತೆ ಬರತ್ತೆ. ಇಲ್ಲಿ ಬಿಟ್ರೆ ನೀನು ಕೈಬೀಸ್ಕೊಂಡೇ ಬತಿಗೆ ಹೊರಡೋ ಪೈಕಿ."

"ದೋಣೀಲಿ ಜಾಗ ಇಲ್ಲ, ಬಿಡೋ."

"ಉಪದೇಶೀನ ಇದ್ರ ಮೇಲೆ ಕೂರಿಸ್ತೀನಿ." ಎರಡು ಹೆಜ್ಜೆ ಹೋಗಿ ನಿಂತ. ತಿರುಗದೆಯೇ, ನನಗೊಬ್ಬಳಿಗೇ ಕೇಳುವ ಹಾಗೆ ಅಂದ: "ನಿನ್ನೆ ನೀರಲ್ಲಿ ತಲೆ ಬಿಟ್ಟು ಹೊಟ್ಟೆ ಹಿಡ್ಕೊಂಡಿದ್ಯಲ್ಲ, ಆಗ್ಲೇ ಗೊತ್ತಾಯ್ತು."

"ಗೊತ್ತಿದ್ದೂ ನನ್ನನ್ನ ಲಾವೇ ಹತ್ರ ಕಳಿಸಿದ್ಯಾ?"

"ಅವಳನ್ನ ಕೇಳೋಕೆ ಕಳಿಸಿದ್ದಲ್ಲ ಕಣೇ, ಮಾವನ ಮಗಳೇ."

ಬಾವನಾಗಿ ಅವನು ನನಗೆ ಏನನ್ನು ಬೇಕಾದರೂ ಅನ್ನಬಹುದಿತ್ತು. ಅದೊಂದನ್ನು ಅವನು ನನ್ನ ಬಾಯಿಗೇ ಬಿಟ್ಟಿದ್ದ. ಇಡೀ ಒಂದು ರಾತ್ರಿ, ತನ್ನ ತಂಗಿ ಅಳುವುದನ್ನು ಗೋಡೆಯಾಚೆ ಕೇಳಿಸಿಕೊಳ್ಳುತ್ತ ಬಿಟ್ಟಿದ್ದ. ನಾನು ಹೇಳದೆ ಇದ್ದಿದ್ದರೆ ಏನು ಮಾಡುತ್ತಿದ್ದ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ದೋಣಿ ಹೊರಟಿತು. ಲಾವೇನಿಯ ಕಂಡಿ ದಾಟುವವರೆಗೂ ಕೈಬೀಸುತ್ತಿದ್ದಳು.

ದಡದಲ್ಲಿ ಹೆಂಗಸರು ಆಗಲೇ ಮರದ ನೆರಳಿಗೆ ಚಾಪೆ ತಂದು ಹಾಸಿದ್ದರು. ಯಾವ ಮನೆಯಿಂದ ಅಷ್ಟು ಬೇಗ ತಂದರೋ. "ಬಾ, ಕೂತ್ಕೋ ಬಾ," ಅಂದರು. ಒಬ್ಬಳು ಕೈ ಹಿಡಿದಳು. ಚಾಪೆಯನ್ನು ನೋಡಿದ್ದೇ ನಾನು ಕೈ ಬಿಡಿಸಿಕೊಂಡೆ. ಎರಡು ಸಲ ಇದೇ ಅಂಚಿನ ಚಾಪೆ, ಎರಡು ಸಲ ಇದನ್ನೇ ಸುತ್ತಿದ್ದು.

"ಕೂರಲ್ಲ," ಅಂದೆ. "ಹೇಳು ಅಂದ್ರಿ, ಹೇಳಿದೀ‌ನಿ. ನೀರಿಗೆ ಇಳಿಯಲ್ಲ, ದೋಣಿ ಹತ್ತಲ್ಲ. ಕೂರೋದು ಮಾತ್ರ ನನ್ನ ಕೈಲಿ ಆಗಲ್ಲ. ಕೂತ್ರೆ ನಾನು ಅದನ್ನೇ ಕಾಯ್ತಾ ಕೂರ್ತೀನಿ."

ಅವರು ಮತ್ತೆ ಏನೋ ಹೇಳಲು ಹೋದರು. ಪೆನಾಯ ನೀರಿನಿಂದ ಮೇಲೆ ಬಂದ. ಹೆಕ್ಕಿಕೊಂಡಿದ್ದ ಒದ್ದೆ ಕಟ್ಟನ್ನು ಒಬ್ಬಳ ಕೈಗೆ ಕೊಟ್ಟು, ತರಗತಿಯಲ್ಲಿ ಮಾತಾಡುವ ದನಿಯಲ್ಲಿ, "ಅವಳು ಕೂರಲ್ಲ," ಅಂದ. ಅಷ್ಟೇ. ಹೆಂಗಸರು ಮೇಷ್ಟ್ರ ಮುಖ ನೋಡಿ ದಾರಿ ಬಿಟ್ಟರು.

ನಾವಿಬ್ಬರೂ ದಡದುದ್ದಕ್ಕೂ ನಡೆದೆವು. ಅವನು ನೀರಿನ ಕಡೆಗೆ, ನಾನು ಮರಳಿನ ಕಡೆಗೆ. ತೆಂಗಿನ ತೋಪಿನ ತುದಿಯವರೆಗೆ ಹೋಗಿ, ತಿರುಗಿ, ಬಂಡೆಯವರೆಗೆ ಬಂದು, ಮತ್ತೆ ತಿರುಗಿದೆವು. ತನಗೆ ಯಾಕೆ ಹೇಳಲಿಲ್ಲ ಎಂದು ಅವನು ಕೇಳಲಿಲ್ಲ. ನನಗೇ ತಡೆಯಲಾಗಲಿಲ್ಲ.

"ಮೇಷ್ಟ್ರೇ, ನಂಗೆ ಭಯ ಆಗ್ತಿದೆ. ಭಾನುವಾರಕ್ಕೆ ಹನ್ನೊಂದು ವಾರ."

"ನಂಗೂ," ಅಂದ. ಅವನ ಕೈ ತಣ್ಣಗಿತ್ತು.

ಹತ್ತು ಗಂಟೆಯ ಹೊತ್ತಿಗೆ ಅಜ್ಜಿ ಯಾರ ಕೈಲೋ ಗೆಣಸು ಕಳಿಸಿದಳು. ನಡೆಯುತ್ತಲೇ ತಿಂದೆವು. ಬೆಣ್ಣೆಯ ಹಾಗೆ ಬೆಂದಿತ್ತು. ಉಬ್ಬರ ತುಂಬಿತ್ತು, ಗಾಳಿಯ ಸುಳಿವೇ ಇರಲಿಲ್ಲ, ಬತಿಯಲ್ಲಿ ಒಂದರ ಹಿಂದೊಂದು ತೆರೆ ಎದ್ದು ಬಿಚ್ಚಿಕೊಂಡು ಹೋಗುತ್ತಿತ್ತು. ನನ್ನ ಕಾಲು ತಾನಾಗಿ ಅತ್ತ ತಿರುಗುತ್ತಿತ್ತು, ನಾನು ಅದನ್ನು ಎಳೆದು ಇತ್ತ ಇಡುತ್ತಿದ್ದೆ. ಆರು ವರ್ಷದ ಸಂಸಾರದಲ್ಲಿ ಒಂದು ಸಲವೂ ಆ ಕಡೆ ಕಣ್ಣೆತ್ತಿ ನೋಡದ ನನ್ನ ಗಂಡ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ದೂರದ ಬಿಳಿ ಗೆರೆಯನ್ನು ದಿಟ್ಟಿಸಿದ.

"ಈಗ ಬಂತಲ್ಲ, ಅದು ಒಳ್ಳೇದಾ?" ಅಂದ.

"ಅಯ್ಯೋ, ಅದು ಹೋಯ್ತು. ಅದ್ರ ಹಿಂದಿಂದು ನೋಡಿ."

ಅವನು ನೋಡಿದ. ನಾನು ಅವನ ಕೈ ಬಿಡದೆ, ಅದು ಕಂಡಿಯ ಆ ತುದಿ ಮುಟ್ಟುವವರೆಗೆ, ಅಷ್ಟು ಹೊತ್ತು ನಿಂತೆ. ಆಮೇಲೆ ಮತ್ತೆ ನಡೆದೆವು.